ತಂತಿ ತುಂಡಾದರೂ ಯಂತ್ರ ನಿಲ್ಲಬೇಕು: ತುರ್ತು ನಿಲುಗಡೆ ಗುಂಡಿ ಮತ್ತು ಲಿಮಿಟ್ ಸ್ವಿಚ್‌ಗಳ ಜೋಡಣೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಯಂತ್ರಗಳ ವಿಷಯದಲ್ಲಿ ಗ್ರಾಮ ಪಂಚಾಯಿತಿಯದು ಎರಡು ಪಾತ್ರ. ಕುಡಿಯುವ ನೀರಿನ ಪಂಪು ಹಾಗೂ ಒಣ ಕಸವನ್ನು ಒತ್ತಿ ಕಟ್ಟುವ ಬೇಲಿಂಗ್ ಯಂತ್ರದಂತಹ ಸಾಧನಗಳಿಗೆ ಪಂಚಾಯಿತಿಯೇ ಒಡೆಯ. ಅಡಿಕೆ ಸುಲಿಯುವ ಘಟಕ, ಮರಗೆಲಸದ ಕಾರ್ಯಾಗಾರ ಮುಂತಾದವುಗಳಿಗೆ ಅದು ಅನುಮತಿ ನೀಡುವ ಸಂಸ್ಥೆ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಸಿಎನ್‌ಸಿ ತಂತ್ರಜ್ಞಾನವು ಈಗ ಬಾಗಿಲು ಹಾಗೂ ದೇವರ ಮಂಟಪ ಕೆತ್ತುವ ರೂಟರ್ ಯಂತ್ರದ ರೂಪದಲ್ಲಿ ಸಣ್ಣ ಊರಿನ ಬಡಗಿಯ ಕೈಗೂ ಎಟುಕುವಂತಾಗಿದೆ. ಇಂತಹ ಯಂತ್ರದ ಅರ್ಜಿ ಸಭೆಯ ಮುಂದೆ ಬಂದಾಗ ಸದಸ್ಯರು ಏನನ್ನು ಕೇಳಬೇಕು, ಏನನ್ನು ಕಣ್ಣಾರೆ ಪರೀಕ್ಷಿಸಬೇಕು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

ಕೆಂಪು ಗುಂಡಿ ಇದೆಯೇ ಎಂಬ ಪ್ರಶ್ನೆಯೊಂದೇ ಸಾಲದು. ಆ ಗುಂಡಿಗೆ ತಂತಿಯನ್ನು ಹೇಗೆ ಜೋಡಿಸಲಾಗಿದೆ ಎಂಬುದರ ಮೇಲೆ ಕೆಲಸಗಾರರ ಕೈಬೆರಳುಗಳು ಉಳಿಯುವುದೂ ಹೋಗುವುದೂ ನಿರ್ಧಾರವಾಗುತ್ತದೆ.

1. ನೀರಿನ ಟ್ಯಾಂಕು ಕಲಿಸುವ ಪಾಠ

ವಿಷಯವನ್ನು ಸದಸ್ಯರಿಗೆಲ್ಲ ಪರಿಚಿತವಾದ ಮೇಲ್ಮಟ್ಟದ ನೀರಿನ ಟ್ಯಾಂಕಿನಿಂದ ಆರಂಭಿಸಬಹುದು. ಟ್ಯಾಂಕು ತುಂಬಿದಾಗ ಪಂಪನ್ನು ತಾನಾಗಿ ನಿಲ್ಲಿಸಲು ಫ್ಲೋಟ್ ಸ್ವಿಚ್ ಅಳವಡಿಸಲಾಗುತ್ತದೆ. ಅದರಿಂದ ಪಂಪುಮನೆಗೆ ಸಂಕೇತ ಒಯ್ಯುವ ತಂತಿ ಗುಡ್ಡ, ತೋಟ, ಮರಗಳ ನಡುವೆ ಹಾದುಬರುತ್ತದೆ. ಈ ತಂತಿಯನ್ನು ಎರಡು ವಿಧದಲ್ಲಿ ಜೋಡಿಸಬಹುದು.

ಮೊದಲ ವಿಧದಲ್ಲಿ ಸಾಮಾನ್ಯವಾಗಿ ತಂತಿಯಲ್ಲಿ ವಿದ್ಯುತ್ ಇರುವುದಿಲ್ಲ. ಟ್ಯಾಂಕು ತುಂಬಿದಾಗ ಮಾತ್ರ ಸ್ವಿಚ್ ಕೂಡಿಕೊಂಡು, ವಿದ್ಯುತ್ ಹರಿದು, ‘ನಿಲ್ಲು’ ಎಂಬ ಸಂಕೇತ ಪಂಪುಮನೆಯನ್ನು ತಲುಪುತ್ತದೆ. ಎರಡನೆಯ ವಿಧದಲ್ಲಿ ಟ್ಯಾಂಕು ತುಂಬುವವರೆಗೂ ತಂತಿಯಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ‘ನಡೆಯಬಹುದು’ ಎಂಬ ಅನುಮತಿಯೇ ಆ ಹರಿವು. ಟ್ಯಾಂಕು ತುಂಬಿದೊಡನೆ ಸ್ವಿಚ್ ಬಿಟ್ಟುಕೊಂಡು, ಅನುಮತಿ ರದ್ದಾಗಿ, ಪಂಪು ನಿಲ್ಲುತ್ತದೆ.

ಎಲ್ಲವೂ ಸರಿಯಿರುವಾಗ ಎರಡು ವಿಧಗಳಿಗೂ ವ್ಯತ್ಯಾಸ ಕಾಣದು. ಮಳೆಗಾಲದ ಗಾಳಿಗೆ ಕೊಂಬೆ ಬಿದ್ದು ತಂತಿ ತುಂಡಾದ ದಿನ ವ್ಯತ್ಯಾಸ ತಿಳಿಯುತ್ತದೆ. ಮೊದಲ ವಿಧದಲ್ಲಿ ‘ನಿಲ್ಲು’ ಎಂಬ ಸಂಕೇತ ಎಂದಿಗೂ ತಲುಪುವುದಿಲ್ಲ. ಟ್ಯಾಂಕು ರಾತ್ರಿಯಿಡೀ ಉಕ್ಕಿ ಹರಿಯುತ್ತದೆ. ಎರಡನೆಯ ವಿಧದಲ್ಲಿ ತಂತಿ ತುಂಡಾದ ಕ್ಷಣದಲ್ಲಿಯೇ ಪಂಪು ನಿಲ್ಲುತ್ತದೆ. ಮರುದಿನ ನೀರು ಬರದಿದ್ದಾಗ ಗ್ರಾಮಸ್ಥರೇ ನೀರುಗಂಟಿಯನ್ನು ಕರೆಯುತ್ತಾರೆ, ದೋಷ ಪತ್ತೆಯಾಗುತ್ತದೆ. ಅಂದರೆ ಮೊದಲ ಜೋಡಣೆಯಲ್ಲಿ ದೋಷವು ಅಡಗಿ ಕುಳಿತುಕೊಳ್ಳುತ್ತದೆ. ಎರಡನೆಯದರಲ್ಲಿ ಅದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ.

ಟ್ಯಾಂಕು ಉಕ್ಕಿದರೆ ಪೋಲಾಗುವುದು ನೀರು ಮತ್ತು ವಿದ್ಯುತ್. ಇದೇ ತಪ್ಪು ಜೋಡಣೆಯು ಕೈ ಒಡ್ಡಿ ಕೆಲಸ ಮಾಡುವ ಯಂತ್ರದಲ್ಲಿದ್ದರೆ ಹೋಗುವುದು ಕೈ.

2. ಎನ್‌ಸಿ ಮತ್ತು ಎನ್‌ಒ

ವಿದ್ಯುತ್ ಕೆಲಸಗಾರರು ಮೇಲಿನ ಎರಡು ವಿಧಗಳನ್ನು ಕ್ರಮವಾಗಿ ‘ಎನ್‌ಒ’ ಮತ್ತು ‘ಎನ್‌ಸಿ’ ಸಂಪರ್ಕಗಳೆಂದು ಕರೆಯುತ್ತಾರೆ. ಒತ್ತದಿರುವಾಗ ಬಿಟ್ಟುಕೊಂಡಿದ್ದು, ಒತ್ತಿದಾಗ ಕೂಡಿಕೊಳ್ಳುವುದು ಎನ್‌ಒ. ಒತ್ತದಿರುವಾಗ ಕೂಡಿಕೊಂಡಿದ್ದು, ಒತ್ತಿದಾಗ ಬಿಟ್ಟುಕೊಳ್ಳುವುದು ಎನ್‌ಸಿ. ಗುಂಡಿಯ ಹಿಂಬದಿಯ ಬ್ಲಾಕಿನಲ್ಲಿ ಸಂಖ್ಯೆಗಳನ್ನು ನಮೂದಿಸಿರುತ್ತಾರೆ. 11-12 ಅಥವಾ 21-22ರಂತೆ 1 ಮತ್ತು 2ರಿಂದ ಕೊನೆಗೊಳ್ಳುವ ಜೋಡಿ ಎನ್‌ಸಿ. 13-14ರಂತೆ 3 ಮತ್ತು 4ರಿಂದ ಕೊನೆಗೊಳ್ಳುವ ಜೋಡಿ ಎನ್‌ಒ.

ಚಾಲನೆಗೆ ಎನ್‌ಒ, ನಿಲುಗಡೆಗೆ ಎನ್‌ಸಿ: ಸದಸ್ಯರು ನೆನಪಿಡಬೇಕಾದ ನಿಯಮ ಇದೊಂದೇ. ತೋಟದ ಪಂಪಿನ ಸಾಮಾನ್ಯ ಸ್ಟಾರ್ಟರಿನಲ್ಲಿಯೂ ಇದೇ ಕ್ರಮವಿದೆ. ಹಸಿರು ಗುಂಡಿ ಒತ್ತಿದಾಗ ಕಾಯಿಲಿಗೆ ವಿದ್ಯುತ್ ಹರಿದು ಕಾಂಟ್ಯಾಕ್ಟರ್ ಹಿಡಿದುಕೊಳ್ಳುತ್ತದೆ. ಕೈ ಬಿಟ್ಟ ಮೇಲೂ ಕಾಂಟ್ಯಾಕ್ಟರಿನದೇ ಒಂದು ಸಹಾಯಕ ಸಂಪರ್ಕವು ಆ ವಿದ್ಯುತ್ತನ್ನು ಉಳಿಸಿಕೊಡುತ್ತದೆ. ಕೆಂಪು ಗುಂಡಿಯು ಈ ದಾರಿಯಲ್ಲಿ ಎನ್‌ಸಿ ಸಂಪರ್ಕವಾಗಿ ಕುಳಿತಿರುತ್ತದೆ. ಒತ್ತಿದೊಡನೆ ದಾರಿ ಕಡಿದು ಮೋಟಾರು ನಿಲ್ಲುತ್ತದೆ. ತುರ್ತು ನಿಲುಗಡೆ ಗುಂಡಿ, ಲಿಮಿಟ್ ಸ್ವಿಚ್, ರಕ್ಷಾಕವಚದ ಬಾಗಿಲಿನ ಸ್ವಿಚ್ ಇವೆಲ್ಲವೂ ಇದೇ ದಾರಿಯಲ್ಲಿ ಒಂದರ ನಂತರ ಒಂದರಂತೆ, ಸರಪಳಿಯ ಕೊಂಡಿಗಳಂತೆ ಸೇರಬೇಕು. ಯಾವುದೇ ಒಂದು ಕೊಂಡಿ ಕಳಚಿದರೂ ಯಂತ್ರ ನಿಲ್ಲಬೇಕು.

ಮಲೆನಾಡಿನಲ್ಲಿ ಈ ನಿಯಮಕ್ಕೆ ಹೆಚ್ಚಿನ ಮಹತ್ವವಿದೆ. ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ, ತಿರುಪುಗಳು ತುಕ್ಕು ಹಿಡಿಯುತ್ತವೆ, ಅಡಿಕೆ ದಾಸ್ತಾನಿನ ಇಲಿಗಳು ತಂತಿಯನ್ನು ಕಡಿಯುತ್ತವೆ. ಎನ್‌ಒ ಜೋಡಣೆಯಾದರೆ ಗುಂಡಿಯು ಸತ್ತಿರುವುದು ಅಪಘಾತದ ಕ್ಷಣದವರೆಗೂ ಯಾರಿಗೂ ತಿಳಿಯುವುದಿಲ್ಲ.

3. ತುರ್ತು ನಿಲುಗಡೆ ಗುಂಡಿಯ ಲಕ್ಷಣಗಳು

ಯಂತ್ರಗಳ ತುರ್ತು ನಿಲುಗಡೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13850. ಅದರ ಸಾರಾಂಶವನ್ನು ಹೀಗೆ ಹೇಳಬಹುದು.

ಗುಂಡಿಯು ಕೆಂಪಾಗಿರಬೇಕು, ಹಿನ್ನೆಲೆ ಹಳದಿಯಾಗಿರಬೇಕು. ಅಂಗೈಯಿಂದಲೋ ಮುಂಗೈಯಿಂದಲೋ ಬಡಿದರೂ ಒತ್ತಲ್ಪಡುವಂತೆ ಅಣಬೆಯಾಕಾರದ ತಲೆ ಅನುಕೂಲ. ಒತ್ತಿದ ಮೇಲೆ ಅದು ಒತ್ತಿದ ಸ್ಥಿತಿಯಲ್ಲಿಯೇ ಹಿಡಿದು ನಿಲ್ಲಬೇಕು. ತಿರುಗಿಸಿ ಅಥವಾ ಎಳೆದು ಬಿಡಿಸಿದರೆ ಮಾತ್ರ ಮೇಲೇಳಬೇಕು. ಹಾಗೆ ಬಿಡಿಸಿದ ಮಾತ್ರಕ್ಕೆ ಯಂತ್ರ ಮತ್ತೆ ಓಡಬಾರದು. ಚಾಲನಾ ಗುಂಡಿಯನ್ನು ಪ್ರತ್ಯೇಕವಾಗಿ ಒತ್ತಿದ ನಂತರವೇ ಓಡಬೇಕು.

ಈ ಕೊನೆಯ ಅಂಶವನ್ನು ಈ ಭಾಗದ ಸದಸ್ಯರು ವಿಶೇಷವಾಗಿ ಗಮನಿಸತಕ್ಕದ್ದು. ವಿದ್ಯುತ್ ಬಂದೊಡನೆ ತಾನಾಗಿ ಚಾಲೂ ಆಗುವ ಆಟೋ ಸ್ಟಾರ್ಟರುಗಳನ್ನು ಕೃಷಿಕರು ತೋಟದ ಪಂಪುಗಳಿಗೆ ಹಾಕಿಸಿಕೊಳ್ಳುವುದುಂಟು. ಹೊತ್ತಲ್ಲದ ಹೊತ್ತಿನಲ್ಲಿ ವಿದ್ಯುತ್ ಬರುವಾಗ ಪಂಪಿಗೆ ಅದು ಅನುಕೂಲವೇ. ಅದೇ ಸಾಧನವನ್ನು ಅಡಿಕೆ ಸುಲಿಯುವ ಯಂತ್ರಕ್ಕೆ ಅಳವಡಿಸಿದರೆ ಏನಾದೀತು ಎಂಬುದನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಸುಗ್ಗಿಯ ಕಾಲ, ವಿದ್ಯುತ್ ಹೋಗುತ್ತದೆ, ಯಂತ್ರ ನಿಲ್ಲುತ್ತದೆ. ಹಲ್ಲುಗಳ ನಡುವೆ ಸಿಕ್ಕಿಕೊಂಡ ಸಿಪ್ಪೆಯನ್ನು ತೆಗೆಯಲು ಇದೇ ಸಮಯವೆಂದು ಕೆಲಸಗಾರಳು ಕೈ ಹಾಕುತ್ತಾಳೆ. ಆ ಕ್ಷಣದಲ್ಲಿಯೇ ವಿದ್ಯುತ್ ಮರಳುತ್ತದೆ. ಇಲ್ಲಿ ಯಾರೂ ಗುಂಡಿ ಒತ್ತಲಿಲ್ಲ, ಯಾರೂ ಅಜಾಗರೂಕತೆ ತೋರಲಿಲ್ಲ. ತಪ್ಪು ನಡೆದದ್ದು ಸ್ಟಾರ್ಟರನ್ನು ಆರಿಸಿದ ದಿನ. ಆದ್ದರಿಂದ ಕೈ ಹಾಕಿ ಕೆಲಸ ಮಾಡುವ ಯಾವ ಯಂತ್ರಕ್ಕೂ ಆಟೋ ಸ್ಟಾರ್ಟರ್ ಇರಕೂಡದು. ಓವರ್‌ಲೋಡ್ ರಿಲೇಯನ್ನೂ ‘ಮ್ಯಾನ್ಯುಯಲ್’ ಸ್ಥಿತಿಯಲ್ಲಿಯೇ ಇಡಬೇಕು.

ಗುಂಡಿಯ ಸ್ಥಾನವೂ ಮುಖ್ಯ. ಗೋಡೆಯ ಮೇಲಿನ ಪ್ಯಾನೆಲಿನಲ್ಲಿ ಗುಂಡಿಯಿದ್ದು, ಕೈ ಸಿಕ್ಕಿಕೊಂಡ ವ್ಯಕ್ತಿ ನಾಲ್ಕು ಅಡಿ ದೂರದಲ್ಲಿದ್ದರೆ ಆ ಗುಂಡಿ ಇದ್ದೂ ಇಲ್ಲದಂತೆ. ಒಂದು ಕೈ ಸಿಕ್ಕಿಕೊಂಡಾಗ ಮತ್ತೊಂದು ಕೈಗೆ ಎಟುಕುವಂತೆ ಅದು ಇರಬೇಕು. ಕಸ ವಿಂಗಡಿಸುವ ಚಲಿಸುವ ಪಟ್ಟಿಯಂತಹ ಉದ್ದನೆಯ ಯಂತ್ರಗಳಲ್ಲಿ ಪಟ್ಟಿಯ ಪಕ್ಕದುದ್ದಕ್ಕೂ ಎಳೆಯುವ ಹಗ್ಗದ ಸ್ವಿಚ್ ಹಾಕಬೇಕು. ಸಾಲಾಗಿ ನಿಂತ ಕೆಲಸಗಾರರಲ್ಲಿ ಯಾರು ಹಗ್ಗ ಎಳೆದರೂ ಪಟ್ಟಿ ನಿಲ್ಲುತ್ತದೆ. ಸೀರೆಯ ಸೆರಗು ಅಥವಾ ವೇಲು ರೋಲರಿಗೆ ಸಿಲುಕುವ ಅಪಾಯವಿರುವಲ್ಲಿ ಇದು ಅತ್ಯಗತ್ಯ.

4. ಸಿಎನ್‌ಸಿ ಯಂತ್ರದಲ್ಲಿ ಜೋಡಣೆ

ಸಿಎನ್‌ಸಿ ಎಂದರೆ ಗಣಕವು ನೀಡುವ ಅಂಕಿಗಳ ಆಜ್ಞೆಯಂತೆ ಚಲಿಸುವ ಯಂತ್ರ. ಮರ ಕೆತ್ತುವ ರೂಟರಿನಲ್ಲಿ ಕೊರೆಯುವ ಮೊನೆಯು ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಎಂಬ ಮೂರು ಅಕ್ಷಗಳಲ್ಲಿ ಓಡಾಡುತ್ತದೆ. ಸಾಮಾನ್ಯ ಯಂತ್ರಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಮುಂದಿನ ಚಲನೆ ಯಾವ ಕಡೆಗೆ ಎಂಬುದು ಗಣಕಕ್ಕೆ ಗೊತ್ತು, ಪಕ್ಕದಲ್ಲಿ ನಿಂತವನಿಗೆ ಗೊತ್ತಿರಬೇಕೆಂದಿಲ್ಲ.

ಲಿಮಿಟ್ ಸ್ವಿಚ್ ಪ್ರತಿ ಅಕ್ಷದ ಎರಡೂ ತುದಿಗಳಲ್ಲಿ ಕಾವಲುಗಾರನಂತೆ ಇರುತ್ತದೆ. ಗಣಕದ ಲೆಕ್ಕ ತಪ್ಪಿ ಯಂತ್ರವು ತನ್ನ ಎಲ್ಲೆಯನ್ನು ಮೀರಿದರೆ, ಚಲಿಸುವ ಭಾಗವು ಸ್ವಿಚ್ಚಿನ ಸನ್ನೆಯನ್ನು ತಳ್ಳಿ ಸಂಪರ್ಕವನ್ನು ಕಡಿಯುತ್ತದೆ. ಇವೂ ಎನ್‌ಸಿ ಆಗಿಯೇ ಸರಣಿಯಲ್ಲಿ ಸೇರಬೇಕು. ಸ್ವಿಚ್ಚನ್ನು ಕಟ್ಟಕಡೆಯ ತಡೆಗೆ ಅಂಟಿಸಿ ಇಡಬಾರದು. ಸೆಕೆಂಡಿಗೆ 100 ಮಿಲಿಮೀಟರ್ ವೇಗದಲ್ಲಿ ಬರುವ ಭಾಗವು ಪೂರ್ತಿ ನಿಲ್ಲಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕಾದರೆ, ಅಷ್ಟರಲ್ಲಿ ಅದು 20 ಮಿಲಿಮೀಟರಿನವರೆಗೂ ಸಾಗಬಹುದು. ಅಷ್ಟು ಅಂತರ, ಅದಕ್ಕಿಂತ ತುಸು ಹೆಚ್ಚೇ, ಸ್ವಿಚ್ಚಿಗೂ ಕೊನೆಯ ತಡೆಗೂ ನಡುವೆ ಉಳಿದಿರಬೇಕು.

ತುರ್ತು ನಿಲುಗಡೆ ಗುಂಡಿಯ ವಿಷಯದಲ್ಲಿ ಅಗ್ಗದ ಯಂತ್ರಗಳಲ್ಲಿ ಒಂದು ಕೊರತೆ ಕಂಡುಬರಬಹುದು. ಗುಂಡಿಯ ತಂತಿಯು ನಿಯಂತ್ರಣ ಫಲಕಕ್ಕೆ ಅಥವಾ ಗಣಕಕ್ಕೆ ಮಾತ್ರ ಹೋಗಿರುತ್ತದೆ. ಅಂದರೆ ಗುಂಡಿಯು ಯಂತ್ರವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವಂತೆ ಗಣಕವನ್ನು ಕೇಳಿಕೊಳ್ಳುತ್ತದೆ. ಗಣಕವೇ ಸ್ತಬ್ಧವಾಗಿದ್ದರೆ ಕೇಳಿಕೆ ವ್ಯರ್ಥ. ಸರಿಯಾದ ಜೋಡಣೆಯಲ್ಲಿ ಗುಂಡಿಗೆ ಎರಡು ಎನ್‌ಸಿ ಸಂಪರ್ಕಗಳಿರುತ್ತವೆ. ಅವೆರಡೂ ಸುರಕ್ಷತಾ ರಿಲೇಯ ಎರಡು ದಾರಿಗಳಿಗೆ ಹೋಗುತ್ತವೆ. ಆ ರಿಲೇಯು ಎರಡು ಕಾಂಟ್ಯಾಕ್ಟರುಗಳ ಮೂಲಕ ಮೋಟಾರುಗಳ ಶಕ್ತಿಯನ್ನು ಕಡಿಯುತ್ತದೆ. ಎರಡು ಏಕೆಂದರೆ, ಒಂದರ ಸಂಪರ್ಕಗಳು ಬೆಸೆದುಕೊಂಡು ಬಿಡದೇ ಹೋದರೂ ಮತ್ತೊಂದು ಕಡಿಯುತ್ತದೆ; ಮುಂದಿನ ಬಾರಿ ಚಾಲನೆ ಮಾಡಲು ಹೋದಾಗ ರಿಲೇ ಆ ದೋಷವನ್ನು ಗುರುತಿಸಿ ಅವಕಾಶ ಕೊಡುವುದಿಲ್ಲ. ಗಣಕಕ್ಕೆ ಬೇಕಾದ ಸೂಚನೆ ಪ್ರತ್ಯೇಕ ಸಂಪರ್ಕದಿಂದ ಹೋಗುತ್ತದೆ.

ಜೋಡಣೆ ಮಾಡುವ ತಂತ್ರಜ್ಞರು ಗಮನಿಸಬೇಕಾದ ಎರಡು ಸೂಕ್ಷ್ಮಗಳನ್ನು ಸದಸ್ಯರೂ ತಿಳಿದಿರುವುದು ಒಳಿತು. ಮೊದಲನೆಯದಾಗಿ, ಸ್ಟೆಪ್ಪರ್ ಮೋಟಾರು ಹಾಗೂ ಅದರ ಡ್ರೈವಿನ ನಡುವಿನ ತಂತಿಯನ್ನು ಓಡುವಾಗ ಕಡಿದರೆ ಡ್ರೈವ್ ಸುಟ್ಟುಹೋಗಬಹುದು. ಶಕ್ತಿಯನ್ನು ಡ್ರೈವಿಗೆ ಬರುವ ಕಡೆಯಲ್ಲಿ ಕಡಿಯಬೇಕು. ಎರಡನೆಯದಾಗಿ, ಮೇಲೆ-ಕೆಳಗೆ ಚಲಿಸುವ ಅಕ್ಷವು ಶಕ್ತಿ ಹೋದೊಡನೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯುವ ಸಂಭವವಿದೆ. ಭಾರವಾದ ಯಂತ್ರಗಳಲ್ಲಿ ಅದಕ್ಕೆ ಬ್ರೇಕ್ ಅಥವಾ ಪ್ರತಿಭಾರ ಬೇಕು.

5. ‘ಲೂಪ್’ ಹಾಕುವ ದುರಭ್ಯಾಸ

ಸರಿಯಾಗಿ ಜೋಡಿಸಿದ ಸ್ವಿಚ್ಚಿಗೂ ಒಬ್ಬ ಶತ್ರುವಿದ್ದಾನೆ: ಬೇಸತ್ತ ಕೆಲಸಗಾರ. ಯಂತ್ರವು ಕಾರಣವಿಲ್ಲದೆ ಪದೇ ಪದೇ ನಿಂತರೆ, ಅರ್ಧ ಕೆತ್ತಿದ ಹಲಗೆ ಹಾಳಾಗುತ್ತದೆ, ಕೆಲಸ ಒಪ್ಪಿಸುವ ದಿನ ತಪ್ಪುತ್ತದೆ. ಆಗ ಯಾರೋ ಸ್ವಿಚ್ಚಿನ ಎರಡು ತುದಿಗಳನ್ನು ತುಂಡು ತಂತಿಯಿಂದ ಕೂಡಿಸಿಬಿಡುತ್ತಾರೆ. ಯಂತ್ರ ಸರಾಗವಾಗಿ ಓಡುತ್ತದೆ, ಕಾವಲುಗಾರನಿಲ್ಲ.

ಇಂತಹವರನ್ನು ಗದರಿಸಿ ಪ್ರಯೋಜನವಿಲ್ಲ. ಯಂತ್ರ ಸುಮ್ಮಸುಮ್ಮನೆ ನಿಲ್ಲುವುದಕ್ಕೆ ಕಾರಣ ಹುಡುಕಬೇಕು. ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಮರದ ಪುಡಿಯೂ ತೇವವೂ ಸೇರಿ ಸ್ವಿಚ್ಚಿನ ಒಳಗೆ ಹೊಕ್ಕಿರುವುದು ಮೊದಲನೆಯದು; ದೂಳು-ನೀರು ನಿರೋಧಕ ಕವಚದ ಸ್ವಿಚ್ ಅದಕ್ಕೆ ಪರಿಹಾರ. ಮೋಟಾರಿನ ತಂತಿ ಮತ್ತು ಸ್ವಿಚ್ಚಿನ ತಂತಿ ಒಂದೇ ಪೈಪಿನಲ್ಲಿ ಹೋಗಿ, ಒಂದರ ವಿದ್ಯುತ್ ಗದ್ದಲ ಮತ್ತೊಂದಕ್ಕೆ ತಾಗುವುದು ಎರಡನೆಯದು. ಸ್ವಿಚ್ಚಿಗೆ ಲೋಹದ ಹೊದಿಕೆಯುಳ್ಳ ತಂತಿ ಬಳಸಿ, ಬೇರೆ ದಾರಿಯಲ್ಲಿ ಒಯ್ದು, 5 ವೋಲ್ಟಿನ ಬದಲು 24 ವೋಲ್ಟಿನ ನಿಯಂತ್ರಣ ಇಟ್ಟುಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಸಡಿಲವಾದ ತಿರುಪು ಮೂರನೆಯದು. ಅದಕ್ಕೆ ಸ್ಕ್ರೂಡ್ರೈವರ್ ಸಾಕು.

6. ಗುಂಡಿಯಿಂದ ಆಗದ ಕೆಲಸಗಳು

ತುರ್ತು ನಿಲುಗಡೆ ಗುಂಡಿಯು ರಕ್ಷಾಕವಚಕ್ಕೆ ಬದಲಿಯಲ್ಲ. ಕವಚವು ಕೈ ಒಳಗೆ ಹೋಗದಂತೆ ತಡೆಯುತ್ತದೆ; ಗುಂಡಿಯು ಕೈ ಹೋದ ಮೇಲಿನ ಮಾತು. ಗುಂಡಿ ಒತ್ತಿದ ಮೇಲೂ ಮರ ಕೊಯ್ಯುವ ಗರಗಸದ ಚಕ್ರವು ತನ್ನ ವೇಗದಲ್ಲಿ ಕೆಲಕಾಲ ತಿರುಗುತ್ತಲೇ ಇರುತ್ತದೆ.

ಹಾಗೆಯೇ, ಗುಂಡಿಯು ಮೇನ್ ಸ್ವಿಚ್ಚಿಗೂ ಬದಲಿಯಲ್ಲ. ಗುಂಡಿ ಒತ್ತಿದಾಗ ಮೋಟಾರಿಗೆ ಹೋಗುವ ಶಕ್ತಿ ಕಡಿಯಬಹುದೇ ಹೊರತು ಪ್ಯಾನೆಲಿನೊಳಗೆ ವಿದ್ಯುತ್ ಇದ್ದೇ ಇರುತ್ತದೆ. ಸ್ವಚ್ಛ ಮಾಡಲು, ಬ್ಲೇಡು ಬದಲಿಸಲು, ಸಿಕ್ಕಿಕೊಂಡದ್ದನ್ನು ತೆಗೆಯಲು ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳಬೇಕು.

ಎನ್‌ಸಿ ಜೋಡಣೆಗೂ ಒಂದು ಮಿತಿಯಿದೆ. ಗುಂಡಿಯ ತಲೆಯಿಂದ ಹಿಂಬದಿಯ ಸಂಪರ್ಕದ ಬ್ಲಾಕು ಕಳಚಿ ಬಿದ್ದರೆ, ತಲೆಯನ್ನು ಎಷ್ಟೇ ಒತ್ತಿದರೂ ಸಂಪರ್ಕ ಕಡಿಯುವುದಿಲ್ಲ, ಯಂತ್ರವೂ ನಿಲ್ಲುವುದಿಲ್ಲ. ಈ ದೋಷ ತಾನಾಗಿ ಬಯಲಾಗುವಂಥದ್ದಲ್ಲ. ಆದ್ದರಿಂದಲೇ ನಿಯತಕಾಲಿಕ ಪರೀಕ್ಷೆ ಅನಿವಾರ್ಯ.

7. ಕಾನೂನು ಮತ್ತು ಪಂಚಾಯಿತಿಯ ಹೊಣೆ

ಕೆಲಸದ ಪ್ರತಿಯೊಂದು ಕೊಠಡಿಯಲ್ಲಿಯೂ ತುರ್ತು ಸಂದರ್ಭದಲ್ಲಿ ಓಡುತ್ತಿರುವ ಯಂತ್ರಗಳ ಶಕ್ತಿಯನ್ನು ಕಡಿಯುವ ಸಾಧನವಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 24ನೇ ಪ್ರಕರಣವು ವಿಧಿಸಿತು. ಒಕ್ಕಣೆ ಯಂತ್ರಗಳಿಗೆ ಸಿಲುಕಿ ಕೃಷಿ ಕಾರ್ಮಿಕರು ಕೈಗಳನ್ನು ಕಳೆದುಕೊಳ್ಳುತ್ತಿದ್ದ ಹಿನ್ನೆಲೆಯಲ್ಲಿ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಆದರೆ 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆಯೆಂದು ಪರಿಗಣಿಸಲು ಹತ್ತು ಕೆಲಸಗಾರರಾದರೂ ಇರಬೇಕಿತ್ತು. ಮೂರು ನಾಲ್ಕು ಜನ ದುಡಿಯುವ ಹಳ್ಳಿಯ ಕಾರ್ಯಾಗಾರದ ಕಡೆಗೆ ಇನ್‌ಸ್ಪೆಕ್ಟರರ ಕಣ್ಣು ಬೀಳುವುದು ಅಪರೂಪ.

ಅಲ್ಲಿಗೆ ತಲುಪಬಲ್ಲ ಸಂಸ್ಥೆ ಗ್ರಾಮ ಪಂಚಾಯಿತಿಯೇ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 66ನೇ ಪ್ರಕರಣವು ಕಾರ್ಖಾನೆಗಳ ನಿರ್ಮಾಣ ಹಾಗೂ ಯಂತ್ರೋಪಕರಣಗಳ ಸ್ಥಾಪನೆಗೆ ಪಂಚಾಯಿತಿಯ ಅನುಮತಿಯನ್ನು ಕುರಿತದ್ದಾಗಿದೆ. ಅರ್ಜಿ ಬಂದಾಗ ಶುಲ್ಕ ಮತ್ತು ಜಾಗದ ದಾಖಲೆಗಳ ಜೊತೆಗೆ ತುರ್ತು ನಿಲುಗಡೆಯ ವ್ಯವಸ್ಥೆಯನ್ನೂ ವಿಚಾರಿಸುವುದು ಸದಸ್ಯರ ಕರ್ತವ್ಯವೆಂದು ಭಾವಿಸತಕ್ಕದ್ದು. ಪಂಚಾಯಿತಿಯೇ ಯಂತ್ರ ಖರೀದಿಸುವಾಗ ದರಪಟ್ಟಿ ಆಹ್ವಾನದಲ್ಲಿಯೇ ಇದನ್ನು ಷರತ್ತಾಗಿ ಸೇರಿಸಬೇಕು. ಯಂತ್ರ ಬಂದಿಳಿದ ಮೇಲೆ ಗುಂಡಿ ಹಾಕಿಸುವುದಕ್ಕಿಂತ ಖರೀದಿಗೆ ಮೊದಲೇ ಕೇಳುವುದು ಸುಲಭ.

8. ಸದಸ್ಯರು ಮಾಡಬಹುದಾದ ಪರೀಕ್ಷೆ

ಈ ಪರೀಕ್ಷೆಗೆ ಉಪಕರಣ ಬೇಡ, ಪ್ಯಾನೆಲ್ ತೆರೆಯುವುದೂ ಬೇಡ. ಯಂತ್ರ ನಡೆಸುವವರ ಸಮ್ಮುಖದಲ್ಲಿ, ಯಂತ್ರಕ್ಕೆ ಸರಕು ಹಾಕದೆ, ಎಲ್ಲರೂ ದೂರ ನಿಂತು ತಿಂಗಳಿಗೊಮ್ಮೆ ಮಾಡತಕ್ಕದ್ದು.

ಒಂದು: ಯಂತ್ರ ಓಡುತ್ತಿರುವಾಗ ಪ್ರತಿಯೊಂದು ತುರ್ತು ಗುಂಡಿಯನ್ನೂ ಒಂದೊಂದಾಗಿ ಒತ್ತಿ ನೋಡಬೇಕು. ಪ್ರತಿ ಬಾರಿಯೂ ಯಂತ್ರ ನಿಲ್ಲಬೇಕು.

ಎರಡು: ಒತ್ತಿದ ಗುಂಡಿಯನ್ನು ಬಿಡಿಸಬೇಕು. ಯಂತ್ರ ಓಡಬಾರದು.

ಮೂರು: ಯಂತ್ರ ಓಡುತ್ತಿರುವಾಗ ಮೇನ್ ಸ್ವಿಚ್ ಆರಿಸಿ, ಪೂರ್ತಿ ನಿಂತ ಮೇಲೆ ಮತ್ತೆ ಹಾಕಬೇಕು. ಯಂತ್ರ ತಾನಾಗಿ ಓಡಬಾರದು.

ನಾಲ್ಕು: ಸಿಎನ್‌ಸಿ ಯಂತ್ರದಲ್ಲಿ ಕೊರೆಯುವ ಮೊನೆಯನ್ನು ನಿಲ್ಲಿಸಿ, ಅಕ್ಷವನ್ನು ಅತಿ ನಿಧಾನವಾಗಿ ಓಡಿಸುತ್ತಿರುವಾಗ, ಲಿಮಿಟ್ ಸ್ವಿಚ್ಚಿನ ಸನ್ನೆಯನ್ನು ಉದ್ದನೆಯ ಒಣ ಮರದ ಕೋಲಿನಿಂದ ತಳ್ಳಬೇಕು. ಚಲನೆ ನಿಲ್ಲಬೇಕು. ಎಲ್ಲ ತುದಿಗಳಲ್ಲಿಯೂ ಹೀಗೆ ಮಾಡಬೇಕು.

ಐದು: ವರ್ಷಕ್ಕೊಮ್ಮೆ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ, ಮೇನ್ ಸ್ವಿಚ್ ಆರಿಸಿ, ಗುಂಡಿಯ ಒಂದು ತಂತಿಯನ್ನು ಬಿಡಿಸಿಟ್ಟು, ನಂತರ ಚಾಲನೆಗೆ ಪ್ರಯತ್ನಿಸಬೇಕು. ಯಂತ್ರ ಚಾಲೂ ಆಗಬಾರದು. ಆದರೆ, ಜೋಡಣೆ ತಪ್ಪಾಗಿದೆ ಎಂದೇ ಅರ್ಥ. ಪರೀಕ್ಷೆಯ ನಂತರ ಬಿಡಿಸಿದ ತಂತಿಯನ್ನು ಮರಳಿ ಬಿಗಿಸಿ, ಮೊದಲ ಪರೀಕ್ಷೆಯನ್ನು ಪುನಃ ಮಾಡಬೇಕು.

ಇವುಗಳಲ್ಲಿ ಒಂದರಲ್ಲಾದರೂ ಯಂತ್ರ ವಿಫಲವಾದರೆ ದುರಸ್ತಿಯಾಗುವವರೆಗೆ ಕೆಲಸ ನಿಲ್ಲಿಸತಕ್ಕದ್ದು. ದಿನಾಂಕ, ಪರೀಕ್ಷಿಸಿದವರ ಸಹಿ ಮತ್ತು ಫಲಿತಾಂಶವನ್ನು ಯಂತ್ರದ ಬಳಿಯಿರುವ ಪುಸ್ತಕದಲ್ಲಿ ಬರೆದಿಡಬೇಕು.

ದರಪಟ್ಟಿ ಹಾಗೂ ಅನುಮತಿ ಪತ್ರಕ್ಕೆ ಮಾದರಿ ಷರತ್ತು

“ಯಂತ್ರಕ್ಕೆ ಹಳದಿ ಹಿನ್ನೆಲೆಯ, ಒತ್ತಿದಾಗ ಹಿಡಿದು ನಿಲ್ಲುವ ಕೆಂಪು ತುರ್ತು ನಿಲುಗಡೆ ಗುಂಡಿಯನ್ನು ಕೆಲಸಗಾರರು ನಿಲ್ಲುವ ಅಥವಾ ಕೂರುವ ಪ್ರತಿ ಸ್ಥಳದಿಂದ ಕೈಗೆ ಎಟುಕುವಂತೆ ಅಳವಡಿಸಿರಬೇಕು. ತುರ್ತು ಗುಂಡಿ ಹಾಗೂ ಲಿಮಿಟ್ ಸ್ವಿಚ್‌ಗಳು ಎನ್‌ಸಿ ಸಂಪರ್ಕದಲ್ಲಿರಬೇಕು. ತುರ್ತು ಗುಂಡಿಯು ಗಣಕವನ್ನು ಅವಲಂಬಿಸದೆ ಮೋಟಾರಿನ ಶಕ್ತಿಯನ್ನು ಕಡಿಯಬೇಕು. ವಿದ್ಯುತ್ ಮರಳಿದಾಗ ಅಥವಾ ಗುಂಡಿಯನ್ನು ಬಿಡಿಸಿದಾಗ ಯಂತ್ರವು ತಾನಾಗಿ ಚಾಲನೆಗೊಳ್ಳಕೂಡದು. ಸರಬರಾಜುದಾರರು ಅಥವಾ ಅರ್ಜಿದಾರರು ಇವೆಲ್ಲವನ್ನೂ ಪಂಚಾಯಿತಿಯ ಪ್ರತಿನಿಧಿಗಳ ಸಮ್ಮುಖದಲ್ಲಿ ಪರೀಕ್ಷಿಸಿ ತೋರಿಸತಕ್ಕದ್ದು.”

ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ನಮ್ಮ ಪಂಚಾಯಿತಿಯ ಒಡೆತನದಲ್ಲಿರುವ ಯಂತ್ರಗಳು ಯಾವುವು? ಅವುಗಳ ತುರ್ತು ಗುಂಡಿಯನ್ನು ಕೊನೆಯ ಬಾರಿ ಒತ್ತಿ ನೋಡಿದ್ದು ಯಾವಾಗ?

2. ನೀರಿನ ಟ್ಯಾಂಕಿನ ಫ್ಲೋಟ್ ಸ್ವಿಚ್ಚಿನ ತಂತಿ ತುಂಡಾದರೆ ನಮ್ಮ ಪಂಪು ನಿಲ್ಲುತ್ತದೆಯೋ, ಓಡುತ್ತಲೇ ಇರುತ್ತದೆಯೋ?

3. ವ್ಯಾಪ್ತಿಯ ಅಡಿಕೆ ಸುಲಿಯುವ ಘಟಕಗಳಲ್ಲಿ ಆಟೋ ಸ್ಟಾರ್ಟರ್ ಬಳಸುವವರು ಇದ್ದಾರೆಯೇ? ಸುಗ್ಗಿ ಆರಂಭವಾಗುವ ಮೊದಲು ಅವರಿಗೆ ತಿಳಿವಳಿಕೆ ನೀಡುವುದು ಹೇಗೆ?

4. ಮುಂದಿನ ಸಾಮಾನ್ಯ ಸಭೆಯಲ್ಲಿ ಮೇಲಿನ ಮಾದರಿ ಷರತ್ತನ್ನು ಅಂಗೀಕರಿಸಿ ನಿರ್ಣಯ ಕೈಗೊಳ್ಳಲು ಸದಸ್ಯರ ಅಭಿಪ್ರಾಯವೇನು?